ಕುರ್ಚಿ ದಾಟಿತು, ಕಾರಣಗಳು ಉಳಿದವು: ಕುಟುಂಬ ಪ್ರತಿಷ್ಠಾನದ ಹಸ್ತಾಂತರಕ್ಕೆಂದು ಪಡೆದ ಸಲಹಾ ಸೇವೆಯ ವಿಮರ್ಶೆ

ಕುಟುಂಬದ ದತ್ತಿ ಪ್ರತಿಷ್ಠಾನಗಳ ಹೊಣೆಯನ್ನು ಒಂದು ತಲೆಮಾರಿನಿಂದ ಮುಂದಿನದಕ್ಕೆ ದಾಟಿಸಿಕೊಡುವುದನ್ನೇ ಕಸುಬು ಮಾಡಿಕೊಂಡಿರುವ ಸಲಹಾ ಸಂಸ್ಥೆಗಳು ಈಗ ಹಲವಿವೆ. ಅಂಥದೊಂದು ಸಂಸ್ಥೆಯ ಒಂಬತ್ತು ತಿಂಗಳ ಸೇವೆಯನ್ನು ನಮ್ಮ ಪ್ರತಿಷ್ಠಾನ ಪಡೆದಿತ್ತು. ಅದು ಮುಗಿದು ಒಂದೂವರೆ ವರ್ಷ ಕಳೆದಿದೆ. ಕೊನೆಯ ಸಭೆ ನಡೆದ ವಾರದಲ್ಲೇ ಅವರು ಅಭಿಪ್ರಾಯ ಬರೆದುಕೊಡಿ ಎಂದು ಕೇಳಿದ್ದರು. ಆಗಲೇ ಬರೆದಿದ್ದರೆ ಇದು ಬರೀ ಪ್ರಶಂಸಾಪತ್ರವಾಗುತ್ತಿತ್ತು, ಏಕೆಂದರೆ ಸಭೆಗಳು ಸೊಗಸಾಗಿ ನಡೆದಿದ್ದವು, ಅವರು ಕೊಟ್ಟ ಕಡತ ಅಚ್ಚುಕಟ್ಟಾಗಿತ್ತು, ಜಗಳವಾದೀತೆಂದು ಹೆದರಿದ್ದ ಕಡೆ ಜಗಳವಾಗಿರಲಿಲ್ಲ. ಆದರೆ ಅಧ್ಯಕ್ಷತೆಯನ್ನು ವಹಿಸಿಕೊಂಡ ನನ್ನಂಥವರಿಗೆ ಇಂಥ ಸೇವೆಯ ನಿಜವಾದ ಬೆಲೆ ಗೊತ್ತಾಗುವುದು ಸಲಹೆಗಾರರು ಎದ್ದು ಹೋದ ಮೇಲೆ, ಅರ್ಜಿಗಳ ರಾಶಿಯ ಮುಂದೆ ಒಬ್ಬರೇ ಕುಳಿತಾಗ. ಆದ್ದರಿಂದ ಅನುದಾನದ ಎರಡು ಸುತ್ತುಗಳು ಮುಗಿಯುವವರೆಗೆ ಕಾದು ಈಗ ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ನಾನು ಹೇಳಲಿರುವ ಕೊರತೆಗಳು ಈ ಬಗೆಯ ಸೇವೆಯ ಸ್ವಭಾವದಲ್ಲೇ ಇರುವಂಥವೆಂದು ನನಗನ್ನಿಸಿದೆ.

ನಮ್ಮ ಪರಿಸ್ಥಿತಿಯನ್ನು ಹೇಳದೆ ಮುಂದಿನದು ಅರ್ಥವಾಗದು. ಪ್ರತಿಷ್ಠಾನವನ್ನು ಕಟ್ಟಿದವರು ನನ್ನ ಅಜ್ಜ. ಅವರ ನಂತರ ಇಪ್ಪತ್ತಾರು ವರ್ಷ ಅದನ್ನು ನಡೆಸಿದವರು ಅವರ ಹಿರಿಯ ಮಗಳು, ನನ್ನ ಅತ್ತೆ. ಅಪ್ಪ ಮತ್ತು ಚಿಕ್ಕಪ್ಪ ಧರ್ಮದರ್ಶಿಗಳಾಗಿದ್ದರೂ ಸಭೆಗೆ ಬಂದು ನಡಾವಳಿ ಪುಸ್ತಕಕ್ಕೆ ಸಹಿ ಹಾಕಿ ಹೋಗುವುದಕ್ಕಿಂತ ಹೆಚ್ಚಿನದನ್ನು ಅವರಿಂದ ಯಾರೂ ಕೇಳಿರಲಿಲ್ಲ. ಮೂರನೆಯ ತಲೆಮಾರಿನವರು ನಾವು ನಾಲ್ವರು: ನಾನು, ನನ್ನ ತಮ್ಮ, ಅತ್ತೆಯ ಮಗಳು, ಚಿಕ್ಕಪ್ಪನ ಮಗ. ಕಚೇರಿಯಲ್ಲಿ ಸಂಬಳಕ್ಕಿರುವವರು ಇಬ್ಬರು, ಒಬ್ಬರು ವ್ಯವಸ್ಥಾಪಕರು ಮತ್ತು ಒಬ್ಬರು ಲೆಕ್ಕ ಬರೆಯುವವರು. ಅತ್ತೆಗೆ ಎಪ್ಪತ್ತೆಂಟು ತುಂಬಿದ ವರ್ಷ ಅವರೇ ಒಂದು ದಿನ, ಊಟದ ತಟ್ಟೆಯಿಂದ ತಲೆಯೆತ್ತದೆ, "ಇನ್ನು ನನ್ನ ಕೈಲಾಗೋದಿಲ್ಲ, ನಿಮ್ಮಲ್ಲಿ ಯಾರಾದರೂ ನೋಡಿಕೊಳ್ಳಿ" ಎಂದರು. "ಯಾರಾದರೂ" ಎಂಬ ಆ ಒಂದು ಪದದಿಂದಾಗಿಯೇ ನಾವು ಹೊರಗಿನವರ ನೆರವು ಕೇಳಬೇಕಾಯಿತು.

ಸೇವೆಯಲ್ಲಿ ಮೂರು ಅಂಗಗಳಿದ್ದವು: ಪ್ರತಿಯೊಬ್ಬರೊಂದಿಗೂ ಪ್ರತ್ಯೇಕ ಮಾತುಕತೆ, ಎಲ್ಲರೂ ಸೇರುವ ನಾಲ್ಕು ಸಭೆಗಳು, ಕೊನೆಯಲ್ಲಿ ಹಸ್ತಾಂತರದ ಕಡತ. ಮೊದಲನೆಯದಕ್ಕೆ ನನ್ನ ಪೂರ್ಣ ಮೆಚ್ಚುಗೆಯಿದೆ. ಅಧ್ಯಕ್ಷರ ಸ್ಥಾನ ಅತ್ತೆಯ ಮಗಳಿಗೇ ಸಲ್ಲಬೇಕೆಂದು ಅಪ್ಪ ಅಂದುಕೊಂಡಿದ್ದರು, ಹಾಗೆ ಸಂದರೆ ಚಿಕ್ಕಪ್ಪನಿಗೆ ಬೇಸರವಾದೀತೆಂದು ಅತ್ತೆ ಅಂದುಕೊಂಡಿದ್ದರು, ಚಿಕ್ಕಪ್ಪನಾದರೋ ಯಾರೇ ಆಗಲಿ, ತನ್ನ ಮಗನ ತಲೆಗೆ ಮಾತ್ರ ಈ ಹೊರೆ ಬೀಳದಿರಲಿ ಎಂದುಕೊಂಡಿದ್ದರು. ಅತ್ತೆಯ ಮಗಳಿಗೆ ಆ ಸ್ಥಾನ ಬೇಡವಾಗಿತ್ತು. ಆದರೆ ಬೇಕೇ ಬೇಡವೇ ಎಂದು ಅವಳನ್ನು ಕೇಳಿದವರೇ ಇರಲಿಲ್ಲ. ಎರಡು ವರ್ಷಗಳಿಂದ ಮನೆಯಲ್ಲಿ ಎಲ್ಲರೂ ಎಚ್ಚರದಿಂದ ಸುತ್ತಿ ದಾಟುತ್ತಿದ್ದ ವಿಷಯ, ಸಲಹೆಗಾರ್ತಿಯೊಬ್ಬರು ಏಳು ಮಂದಿಯೊಂದಿಗೆ ತಲಾ ಒಂದೂವರೆ ಗಂಟೆ ಮಾತಾಡಿದ ಮೇಲೆ, ಇಲ್ಲವೇ ಇಲ್ಲದ ವಿವಾದವೆಂದು ಗೊತ್ತಾಯಿತು. ಈ ಕೆಲಸವನ್ನು ನಾವೇ ಮಾಡಿಕೊಳ್ಳಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಮಾಡಿಕೊಳ್ಳಬಹುದಿತ್ತು, ಮಾಡಿಕೊಂಡಿರಲಿಲ್ಲ.

ಮೊದಲನೆಯ ಜಂಟಿ ಸಭೆಯ ಒಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಸಲಹೆಗಾರ್ತಿ ಏಳು ಬಿಳಿ ಹಾಳೆಗಳನ್ನು ಹಂಚಿ, ಈ ಪ್ರತಿಷ್ಠಾನವನ್ನು ಸ್ಥಾಪಕರು ಏಕೆ ಕಟ್ಟಿದರು ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ, ಹೆಸರು ಹಾಕಬೇಡಿ ಎಂದರು. ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದಾಗ ಆರು ಬೇರೆ ಬೇರೆ ಉತ್ತರಗಳಿದ್ದವು. ಬಡ ಮಕ್ಕಳ ಓದಿಗಾಗಿ ಎಂದು ಒಬ್ಬರು, ಹೆಂಡತಿಯ ನೆನಪಿಗಾಗಿ ಎಂದು ಇನ್ನೊಬ್ಬರು, ತೆರಿಗೆ ಉಳಿಸಲು ಎಂದು ಮತ್ತೊಬ್ಬರು (ಕೈಬರಹದಿಂದ ಅದು ಚಿಕ್ಕಪ್ಪನದೆಂದು ಎಲ್ಲರಿಗೂ ತಿಳಿಯಿತು), ಆಸ್ತಿ ಮಕ್ಕಳ ನಡುವೆ ಹರಿದು ಹಂಚಿ ಹೋಗದಿರಲೆಂದು ಮಗದೊಬ್ಬರು ಬರೆದಿದ್ದರು. ಒಂದು ಹಾಳೆ ಖಾಲಿಯಾಗಿತ್ತು, ಅದು ಅತ್ತೆಯದು. "ಅಪ್ಪ ಯಾವತ್ತೂ ಹೇಳಲಿಲ್ಲ, ನಾನೂ ಕೇಳಲಿಲ್ಲ" ಎಂದರು. ಅದಾದ ಮೇಲೆಯೇ ನ್ಯಾಸಪತ್ರವನ್ನು ತರಿಸಿ ಗಟ್ಟಿಯಾಗಿ ಓದಿದೆವು. ಉದ್ದೇಶಗಳ ಕಲಮಿನಲ್ಲಿ ಶಿಕ್ಷಣ, ವೈದ್ಯಕೀಯ ನೆರವು ಮತ್ತು "ಧರ್ಮದರ್ಶಿಗಳು ಸಾರ್ವಜನಿಕ ಹಿತವೆಂದು ಭಾವಿಸುವ ಇತರ ಕಾರ್ಯಗಳು" ಎಂದಿತ್ತು. ಅಂದರೆ ಇಷ್ಟು ವರ್ಷ ಅಜ್ಜನ ಇಚ್ಛೆಯೆಂದು ನಾವು ನಡೆಸಿಕೊಂಡು ಬಂದಿದ್ದರಲ್ಲಿ ಬಹುಪಾಲು ಅತ್ತೆಯ ವಿವೇಚನೆಯೇ ಆಗಿತ್ತು. ಇದು ಅವರಿಗೂ ಅಂದೇ ತಿಳಿದದ್ದು.

ಈ ಸಂದರ್ಭದಲ್ಲಿ ಸಲಹೆಗಾರ್ತಿ ಮುಂದಿಟ್ಟ ನಿದರ್ಶನ ಜೋಸೆಫ್ ರೌನ್‌ಟ್ರೀ ಅವರದು. ಇಂಗ್ಲೆಂಡಿನ ಆ ಉದ್ಯಮಿ 1904ರಲ್ಲಿ ಮೂರು ಟ್ರಸ್ಟುಗಳನ್ನು ಸ್ಥಾಪಿಸಿದಾಗ ಕಾನೂನಿನ ಪತ್ರಗಳ ಜೊತೆಗೆ ತನ್ನ ಮನಸ್ಸಿನಲ್ಲಿದ್ದುದನ್ನು ಒಂದು ಟಿಪ್ಪಣಿಯಾಗಿ ಬರೆದಿಟ್ಟರು. ಕೇಡಿನ ಮೇಲ್ಪದರಕ್ಕೆ ಮದ್ದು ಹಚ್ಚುವುದಕ್ಕಿಂತ ಅದರ ಮೂಲ ಕಾರಣಗಳನ್ನು ಹುಡುಕುವುದಕ್ಕೆ ಹಣ ಸಲ್ಲಬೇಕೆಂಬುದು ಅದರ ತಿರುಳು. ಮುಂದಿನವರ ಕೈಕಟ್ಟದೆ, ಆದರೆ ಅವರನ್ನು ಕತ್ತಲಲ್ಲೂ ಬಿಡದೆ, ಕಾರಣವನ್ನು ಹೇಳಿಹೋಗುವ ಬಗೆ ಅದು. ನಮ್ಮ ಅಜ್ಜ ಅಂಥದ್ದನ್ನು ಬರೆದಿರಲಿಲ್ಲ, ಅತ್ತೆಯಾದರೂ ಬರೆಯಲಿ ಎಂಬ ಸಲಹೆ ಬಂತು. ಅತ್ತೆ ಒಪ್ಪಿದರು. ಆದರೆ ಆ ಟಿಪ್ಪಣಿಯನ್ನು ಬರೆಸುವ ಹೊಣೆಯನ್ನು ಸಂಸ್ಥೆಯವರು ಕಿರಿಯ ಉದ್ಯೋಗಿಯೊಬ್ಬರಿಗೆ ವಹಿಸಿದರು. ಅವರು ಪ್ರಶ್ನಾವಳಿಯೊಂದನ್ನು ಹಿಡಿದು ಬಂದು, ಮೌಲ್ಯಗಳು, ದೃಷ್ಟಿಕೋನ, ಆದ್ಯತೆಯ ಕ್ಷೇತ್ರಗಳು ಎಂಬ ಶೀರ್ಷಿಕೆಗಳ ಕೆಳಗೆ ಅತ್ತೆಯ ಮಾತುಗಳನ್ನು ತುಂಬಿಸಿಕೊಂಡು ಹೋದರು. ಬಂದ ಎರಡು ಪುಟಗಳಲ್ಲಿ ಅತ್ತೆಯ ದನಿಯೇ ಇರಲಿಲ್ಲ. ಯಾವ ಪ್ರತಿಷ್ಠಾನದ ಯಾವ ಅಧ್ಯಕ್ಷರ ಹೆಸರನ್ನು ಮೇಲೆ ಹಾಕಿದರೂ ಅದು ಸಲ್ಲುವಂತಿತ್ತು.

ಕಡತದ ಅತಿ ದೊಡ್ಡ ಕೊರತೆ ನನ್ನ ಗಮನಕ್ಕೆ ಬಂದದ್ದು ನಾಲ್ಕು ತಿಂಗಳ ನಂತರ, ಅತ್ತೆಯ ಮೇಜಿನ ಸೆಳೆಖಾನೆಯನ್ನು ತೆರವು ಮಾಡುವಾಗ. ರಟ್ಟಿನ ಹೊದಿಕೆಯ ಮೂರು ಉದ್ದನೆಯ ಪುಸ್ತಕಗಳು ಅದರಲ್ಲಿದ್ದವು. ಪ್ರತಿ ಅನುದಾನಕ್ಕೂ ಒಂದು ಸಾಲು, ಮೊತ್ತ, ದಿನಾಂಕ. ಅಂಚಿನಲ್ಲಿ ಸೀಸದಕಡ್ಡಿಯಲ್ಲಿ ಸಣ್ಣಕ್ಷರದ ಮಾತುಗಳು. "ಇವರಿಗೆ ಹಣಕ್ಕಿಂತ ಮೊದಲು ಲೆಕ್ಕ ಬರೆಯುವವರು ಬೇಕು." "ವರದಿ ಚೆನ್ನಾಗಿದೆ, ಹೋಗಿ ನೋಡಿದರೆ ಬಾಗಿಲು ಹಾಕಿತ್ತು." "ತಡವಾಗಿ ಕೊಟ್ಟೆ, ತಪ್ಪು ನನ್ನದು." ಒಂದು ಆಸ್ಪತ್ರೆಗೆ ಒಂಬತ್ತು ವರ್ಷ ಸತತವಾಗಿ ಕೊಟ್ಟ ನೆರವು ಹತ್ತನೆಯ ವರ್ಷ ನಿಂತದ್ದೇಕೆ ಎಂಬುದು ನಡಾವಳಿ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ, ಇಲ್ಲಿ ಅರ್ಧ ಸಾಲಿನಲ್ಲಿದೆ. ಸಲಹಾ ಸಂಸ್ಥೆ ಕೊಟ್ಟ ಕಡತದಲ್ಲಿ "ಸಂಬಂಧಗಳ ಪಟ್ಟಿ" ಎಂಬ ಅಧ್ಯಾಯವಿತ್ತು ನಿಜ; ಅದರಲ್ಲಿ ಸಂಸ್ಥೆಯ ಹೆಸರು, ಸಂಪರ್ಕಿಸಬೇಕಾದವರು, ಕೊನೆಯ ಅನುದಾನದ ಮೊತ್ತ ಇಷ್ಟೇ ಇದ್ದವು. ನಿರ್ಧಾರಗಳನ್ನು ಎಲ್ಲಿ ಬರೆದಿಟ್ಟುಕೊಳ್ಳುತ್ತೀರಿ ಎಂಬ ಒಂದು ಪ್ರಶ್ನೆಯನ್ನು ಅತ್ತೆಗೆ ಯಾರಾದರೂ ಕೇಳಿದ್ದರೆ ಸೆಳೆಖಾನೆ ಅಂದೇ ತೆರೆಯುತ್ತಿತ್ತು. ಕೇಳಬಹುದಾಗಿದ್ದ ಇನ್ನೊಬ್ಬರೆಂದರೆ ಹದಿನೇಳು ವರ್ಷಗಳಿಂದ ಇರುವ ನಮ್ಮ ವ್ಯವಸ್ಥಾಪಕರು. ಒಂಬತ್ತು ತಿಂಗಳಲ್ಲಿ ಅವರೊಂದಿಗೆ ಒಂದೇ ಒಂದು ಮಾತುಕತೆಯನ್ನೂ ಸಲಹೆಗಾರರು ನಡೆಸಲಿಲ್ಲ. ಸಭೆಗಳ ದಿನ ಕೋಣೆಯ ವ್ಯವಸ್ಥೆ ಮಾಡಿ ಅವರು ಹೊರಗೆ ಕುಳಿತಿದ್ದರು. ಅನುದಾನ ಪಡೆಯುವ ಸಂಸ್ಥೆಗಳ ಕಡೆಯವರನ್ನಂತೂ ಕೇಳುವ ಮಾತೇ ಬರಲಿಲ್ಲ. ಕುಟುಂಬದ ಸೇವೆಯೆಂದರೆ ರಕ್ತಸಂಬಂಧಿಗಳ ಸೇವೆಯೆಂದು ಅವರು ತಿಳಿದಂತಿತ್ತು.

ಇದರ ಪರಿಣಾಮವನ್ನು ನಾನು ಮೊದಲನೆಯ ಸುತ್ತಿನಲ್ಲೇ ಉಂಡೆ. ಹಲವು ವರ್ಷಗಳಿಂದ ನೆರವು ಪಡೆಯುತ್ತಿದ್ದ ವಸತಿ ಶಾಲೆಯೊಂದರ ಕಟ್ಟಡದ ಅರ್ಜಿಯನ್ನು ಮಂಡಳಿ ಒಪ್ಪಲಿಲ್ಲ; ಪತ್ರಕ್ಕೆ ನಾನು ಸಹಿ ಹಾಕಿದೆ. ಮರುದಿನ ಶಾಲೆಯ ಮುಖ್ಯಸ್ಥರು ನನಗೆ ಫೋನ್ ಮಾಡಲಿಲ್ಲ, ಅತ್ತೆಗೆ ಮಾಡಿದರು. ಅತ್ತೆ ಅಭ್ಯಾಸಬಲದಿಂದ "ನೋಡೋಣ, ಹೇಳ್ತೀನಿ" ಎಂದರು. ಇಪ್ಪತ್ತಾರು ವರ್ಷ ಆ ಮಾತಿಗೆ "ಆಗುತ್ತದೆ" ಎಂದೇ ಅರ್ಥವಿತ್ತು. ಶಾಲೆಯವರು ಅಡಿಪಾಯ ತೋಡಿಸಿಬಿಟ್ಟರು. ಸಂಜೆ ನಾನು ಹೋಗಿ, "ಅತ್ತೆ, ನೀವು ಹಾಗೆ ಹೇಳಬಾರದಿತ್ತು" ಎಂದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, "ಇಲ್ಲ ಅನ್ನೋದನ್ನ ನಾನು ನಿನಗೆ ಕಲಿಸಲೇ ಇಲ್ಲ, ನನಗೇ ಬರ್ತಿರಲಿಲ್ಲ" ಎಂದರು. ಅರ್ಧ ಮೊತ್ತವನ್ನು ಮಂಜೂರು ಮಾಡಿ, ಅದನ್ನು ಹಿಂದಿನ ಅಧ್ಯಕ್ಷರ ಮಾತಿನ ಗೌರವಾರ್ಥವಾಗಿ ಎಂದು ನಡಾವಳಿಯಲ್ಲಿ ದಾಖಲಿಸಿ, ಇನ್ನು ಮುಂದೆ ಮಂಡಳಿಯ ಲಿಖಿತ ಪತ್ರವಿಲ್ಲದ ಯಾವ ಭರವಸೆಯೂ ಪ್ರತಿಷ್ಠಾನದ ಭರವಸೆಯಲ್ಲವೆಂಬ ನಿರ್ಣಯವನ್ನು ಕೈಗೊಂಡೆವು. ಈ ನಿರ್ಣಯದ ಕರಡು ಹಸ್ತಾಂತರದ ಕಡತದಲ್ಲೇ ಇರಬೇಕಿತ್ತು, ಹಳೆಯ ಅಧ್ಯಕ್ಷರೂ ಹೊಸ ಅಧ್ಯಕ್ಷರೂ ಸೇರಿ ಸಹಿ ಮಾಡಿದ ಒಂದು ಪತ್ರ ಎಲ್ಲ ಅನುದಾನಿತ ಸಂಸ್ಥೆಗಳಿಗೂ ಮೊದಲೇ ಹೋಗಬೇಕಿತ್ತು.

ಇಲ್ಲ ಎನ್ನುವ ಕಷ್ಟ ನಮ್ಮದೊಂದೇ ಅಲ್ಲ. ಅಮೆರಿಕದ ಹೂಡಿಕೆದಾರ ವಾರನ್ ಬಫೆಟ್ 2024ರ ನವೆಂಬರಿನಲ್ಲಿ ಬರೆದ ಪತ್ರದಲ್ಲಿ, ತಮ್ಮ ಮರಣಾನಂತರ ಸಂಪತ್ತನ್ನು ಹಂಚಬೇಕಾದ ಮೂವರು ಮಕ್ಕಳು ಒಮ್ಮತದಿಂದಲೇ ನಿರ್ಧರಿಸಬೇಕೆಂಬ ಷರತ್ತನ್ನು ವಿವರಿಸುತ್ತ, ಅದರ ಒಂದು ಲಾಭವೆಂದರೆ ಅರ್ಜಿದಾರರಿಗೆ "ಇದಕ್ಕೆ ನನ್ನ ಅಣ್ಣ ಒಪ್ಪುವುದಿಲ್ಲ" ಎಂದು ಆ ಕ್ಷಣವೇ ಹೇಳಿ ಮುಗಿಸಬಹುದು ಎಂಬರ್ಥದ ಮಾತನ್ನು ಹೇಳಿದ್ದಾರೆ. ಆ ಮಕ್ಕಳ ವಯಸ್ಸು ಆಗ 66ರಿಂದ 71. ಅವರಿಂದಲೂ ಮುಗಿಯದಿದ್ದರೆಂದು ಇನ್ನೂ ಮೂವರನ್ನು ಹಿಂದೆ ನಿಲ್ಲಿಸಿದ್ದಾರೆ. ನಮ್ಮ ಸಲಹೆಗಾರರು ಈ ಪತ್ರವನ್ನು ಉತ್ತರಾಧಿಕಾರದ ಯೋಜನೆಗೆ ಉದಾಹರಣೆಯಾಗಿ ಓದಿಸಿದರು. ನಿರಾಕರಿಸುವವರ ಬೆನ್ನಿಗೆ ಒಂದು ನಿಯಮ ಇರಬೇಕೆಂಬ ಅದರ ಒಳಗಿನ ಬುದ್ಧಿಯ ಬಗ್ಗೆ ಏನನ್ನೂ ಹೇಳಲಿಲ್ಲ.

ಈಗ ಮೆಚ್ಚುಗೆಯ ಇನ್ನೊಂದು ಅಂಶಕ್ಕೆ ಬರುತ್ತೇನೆ, ಏಕೆಂದರೆ ಇದೊಂದಕ್ಕಾಗಿಯೇ ಈ ಸೇವೆಯನ್ನು ಇತರರಿಗೆ ಹೇಳಬಹುದು. ಕಿರಿಯರನ್ನು ತರಬೇತುಗೊಳಿಸಲು ಅವರು ಉಪನ್ಯಾಸ ಕೊಡಲಿಲ್ಲ, ಹಣ ಕೊಡಿಸಿದರು. ಅಮೆರಿಕದಲ್ಲಿ ಜಾನ್ ಆಂಡ್ರಸ್ 1917ರಲ್ಲಿ ತನ್ನ ಹೆಸರನ್ನೇ ತಿರುಗಿಸಿ ಬರೆದು ಸ್ಥಾಪಿಸಿದ ಸರ್ಡ್ನಾ ಪ್ರತಿಷ್ಠಾನ, ಕುಟುಂಬದ ಐದನೆಯ ತಲೆಮಾರಿನವರು ಕೈಯಾರೆ ಕೆಲಸ ಕಲಿಯಲೆಂದು 2000ದಲ್ಲಿ ಆಂಡ್ರಸ್ ಕುಟುಂಬ ನಿಧಿಯನ್ನು ಪ್ರತ್ಯೇಕವಾಗಿ ತೆರೆಯಿತು. ರಾಕ್‌ಫೆಲರ್ ಮನೆತನದಲ್ಲೂ ಇದೇ ಬಗೆಯ ಕವಲುಗಳಿವೆ: ಐವರು ಅಣ್ಣತಮ್ಮಂದಿರು 1940ರಲ್ಲಿ ತಮ್ಮದೇ ಒಂದು ನಿಧಿ ಆರಂಭಿಸಿದರು, 1967ರಲ್ಲಿ ಕುಟುಂಬ ನಿಧಿ ಎಂಬ ಇನ್ನೊಂದು ಹುಟ್ಟಿತು. ಈ ಮಾದರಿಯನ್ನು ನಮ್ಮ ಗಾತ್ರಕ್ಕೆ ಇಳಿಸಿ, ವರ್ಷದ ಅನುದಾನದ ಹತ್ತನೆಯ ಒಂದು ಭಾಗವನ್ನು ಮೂರನೆಯ ತಲೆಮಾರಿನ ನಾಲ್ವರೇ ನಿರ್ಧರಿಸುವಂತೆ ಸಲಹೆಗಾರ್ತಿ ಏರ್ಪಾಟು ಮಾಡಿದರು. ಹಿರಿಯರಿಗೆ ಪ್ರಶ್ನೆ ಕೇಳುವ ಹಕ್ಕಿತ್ತು, ತಡೆಯುವ ಹಕ್ಕಿರಲಿಲ್ಲ. ಚಿಕ್ಕಪ್ಪನ ಮಗ ಅದುವರೆಗೆ ಒಂದು ಸಭೆಗೂ ಮನಸ್ಸಿಟ್ಟು ಬಂದವನಲ್ಲ. ಆ ಚಿಕ್ಕ ಮೊತ್ತಕ್ಕಾಗಿ ಹನ್ನೊಂದು ಅರ್ಜಿಗಳನ್ನು ಓದಿ, ಮೂರು ಕಡೆ ತಾನೇ ಹೋಗಿ ನೋಡಿ ಬಂದ. ಅವನು ಆರಿಸಿದ್ದರಲ್ಲಿ ಒಂದು ಪೂರ್ತಿ ಕೈಕೊಟ್ಟಿತು, ಹಣ ಪಡೆದ ಸಂಸ್ಥೆ ಆರು ತಿಂಗಳಲ್ಲಿ ಮುಚ್ಚಿತು. ಅವನು ಮಂಡಳಿಯ ಮುಂದೆ ಎದ್ದು ನಿಂತು ಅದನ್ನು ಹೇಳಿದ ರೀತಿಯನ್ನು ಕಂಡ ಮೇಲೆ ಅವನಿಗೆ ಖಜಾಂಚಿಯ ಹೊಣೆ ಕೊಡಲು ಯಾರಿಗೂ ಹಿಂಜರಿಕೆಯಾಗಲಿಲ್ಲ.

ಮೂಲನಿಧಿಯ ಹೂಡಿಕೆಯ ಕುರಿತ ಭಾಗ ಸಾಧಾರಣವಾಗಿತ್ತು. ತೈಲದಿಂದಲೇ ಬೆಳೆದ ಮನೆತನದ ಹಣವುಳ್ಳ ರಾಕ್‌ಫೆಲರ್ ಸಹೋದರರ ನಿಧಿ 2014ರಲ್ಲಿ ಪಳೆಯುಳಿಕೆ ಇಂಧನಗಳ ಹೂಡಿಕೆಯಿಂದ ಹೊರಬರುವುದಾಗಿ ಘೋಷಿಸಿದ್ದನ್ನು ಹೇಳಿ ಚರ್ಚೆ ಎಬ್ಬಿಸಿದರು. ಚರ್ಚೆ ಸ್ವಾರಸ್ಯವಾಗಿತ್ತು, ನಮ್ಮ ಠೇವಣಿಗಳಿಗೆ ಅದರಿಂದ ಏನೂ ಆಗಲಿಲ್ಲ. ಬ್ಯಾಂಕಿನ ಸಹಿದಾರರನ್ನು ಬದಲಿಸುವ ಕೆಲಸಕ್ಕೆ ಕಡತದಲ್ಲಿ ಒಂದೇ ಸಾಲಿತ್ತು. ಆ ಒಂದು ಸಾಲಿಗೆ ಹತ್ತು ವಾರ ಹಿಡಿಯಿತು, ಅಷ್ಟು ಕಾಲವೂ ಅಧಿಕಾರವಿಲ್ಲದ ಅತ್ತೆಯೇ ಚೆಕ್ಕುಗಳಿಗೆ ಸಹಿ ಹಾಕಬೇಕಾಯಿತು. ಶುಲ್ಕವನ್ನು ಯಾರ ಕೈಯಿಂದ ಕೊಡಬೇಕೆಂಬ ಪ್ರಶ್ನೆಯನ್ನೂ ಎತ್ತಿದವರು ಅವರಲ್ಲ, ನಮ್ಮ ಆಡಿಟರ್. ಕುಟುಂಬದವರ ನಡುವಿನ ಮನಸ್ತಾಪ ಬಿಡಿಸಿಕೊಳ್ಳುವ ಖರ್ಚನ್ನು ದತ್ತಿಯ ಹಣದಿಂದ ಭರಿಸುವುದು ಸರಿಯಲ್ಲವೆಂದು ಅವರು ಹೇಳಿದ ಮೇಲೆ, ಪ್ರತ್ಯೇಕ ಮಾತುಕತೆಗಳ ಪಾಲನ್ನು ನಾವು ಏಳು ಮಂದಿ ಸ್ವಂತ ಜೇಬಿನಿಂದ ಹಾಕಿಕೊಂಡೆವು. ಇಂಥ ಸೇವೆ ಪಡೆಯುವವರು ಒಪ್ಪಂದಕ್ಕೆ ಮೊದಲೇ ಇದನ್ನು ತಮ್ಮ ಲೆಕ್ಕಪರಿಶೋಧಕರೊಂದಿಗೆ ಮಾತಾಡಿಕೊಳ್ಳಬೇಕು.

ಹೊರಗಿನವರೊಬ್ಬರನ್ನು ಧರ್ಮದರ್ಶಿಯಾಗಿ ತರುವ ವಿಚಾರದಲ್ಲಿ ಅವರು ನಡೆದುಕೊಂಡ ರೀತಿ ನ್ಯಾಯವಾಗಿತ್ತು. ಹೊರಗಿನವರು ಬಂದರೆ ಮನೆಯವರೇ ಹೊರಗಾಗುತ್ತಾರೆಂದು ಚಿಕ್ಕಪ್ಪ ವಾದಿಸಿದಾಗ, ಅದು ಬರೀ ಭ್ರಮೆಯೆಂದು ತಳ್ಳಿಹಾಕದೆ, 1936ರಲ್ಲಿ ಆರಂಭವಾದ ಫೋರ್ಡ್ ಪ್ರತಿಷ್ಠಾನದ ಮಂಡಳಿಯಿಂದ ಸ್ಥಾಪಕ ಎಡ್ಸೆಲ್ ಫೋರ್ಡ್ ಅವರ ಮಗ ಎರಡನೆಯ ಹೆನ್ರಿ ಫೋರ್ಡ್ 1976ರಲ್ಲಿ ಅಸಮಾಧಾನದಿಂದ ಹೊರನಡೆದದ್ದನ್ನೂ, ಆ ಕುಟುಂಬದವರೊಬ್ಬರು ಮತ್ತೆ ಮಂಡಳಿಗೆ ಬಂದದ್ದು 2019ರಲ್ಲೆಂಬುದನ್ನೂ ಅವರೇ ಹೇಳಿದರು. ಆ ಮೇಲೆ, ಅಂಥ ನಷ್ಟವನ್ನು ಒಪ್ಪುವುದಾದರೆ ಮಾತ್ರ ಮುಂದುವರಿಯಿರಿ ಎಂದರು. ನಾವು ಒಬ್ಬರನ್ನು ಮೂರು ವರ್ಷದ ಅವಧಿಗೆ ತೆಗೆದುಕೊಂಡೆವು.

ಆದರೆ ಒಂದು ಪ್ರಶ್ನೆಯನ್ನು ಅವರು ಒಂಬತ್ತು ತಿಂಗಳೂ ಸುತ್ತಿ ಹೋದರು: ಈ ಪ್ರತಿಷ್ಠಾನ ಮುಂದುವರಿಯಲೇಬೇಕೆ? ಎರಡನೆಯ ಸಭೆಯಲ್ಲಿ ನನ್ನ ತಮ್ಮ ಇದನ್ನು ನೇರವಾಗಿ ಕೇಳಿದ. ಅಮೆರಿಕದ ಉದ್ಯಮಿ ಜೂಲಿಯಸ್ ರೋಸೆನ್‌ವಾಲ್ಡ್ 1917ರಲ್ಲಿ ಸ್ಥಾಪಿಸಿದ ನಿಧಿ, ತನ್ನ ಮರಣದ ನಂತರ 25 ವರ್ಷಗಳೊಳಗೆ ಎಲ್ಲವೂ ಖರ್ಚಾಗಬೇಕೆಂಬ ಅವರ ಷರತ್ತಿನಂತೆ, 1932ರಲ್ಲಿ ಅವರು ತೀರಿಕೊಂಡ ಮೇಲೆ ಗಡುವಿಗೆ ಬಹಳ ಮೊದಲೇ, 1948ರಲ್ಲಿ ಮುಚ್ಚಿತು. ಅಲ್ಲಿನ ಇನ್ನೊಬ್ಬ ಉದ್ಯಮಿ ಚಕ್ ಫೀನಿ 1982ರಲ್ಲಿ ಆರಂಭಿಸಿದ ಅಟ್ಲಾಂಟಿಕ್ ಸಂಸ್ಥೆ ಅವರು ಬದುಕಿರುವಾಗಲೇ, 2020ರಲ್ಲಿ, ಎಲ್ಲವನ್ನೂ ಕೊಟ್ಟು ಮುಗಿಸಿತು. ಈ ಎರಡು ಉದಾಹರಣೆಗಳನ್ನು ತಂದವನೂ ತಮ್ಮನೇ. ಸಲಹೆಗಾರರು ಅದೊಂದು ಒಳ್ಳೆಯ ಪ್ರಶ್ನೆ ಎಂದು ಹೇಳಿ ಫಲಕದ ಮೂಲೆಯಲ್ಲಿ ಬರೆದಿಟ್ಟರು. ಫಲಕ ಒರೆಸುವವರೆಗೂ ಅದು ಅಲ್ಲೇ ಇತ್ತು. ಹಸ್ತಾಂತರದಿಂದ ಜೀವನ ನಡೆಸುವವರನ್ನು ಹಸ್ತಾಂತರವೇ ಬೇಡವೇನೋ ಎಂದು ಕೇಳುವುದು ನಮ್ಮ ತಪ್ಪೂ ಇರಬಹುದು. ಕೊನೆಗೆ ನಾವೇ ಮನೆಯಲ್ಲಿ ಕುಳಿತು, ಹದಿನೈದು ವರ್ಷಗಳ ನಂತರ ಇದೇ ಪ್ರಶ್ನೆಯನ್ನು ಕಾರ್ಯಸೂಚಿಯ ಮೊದಲನೆಯ ವಿಷಯವಾಗಿ ಎತ್ತಿಕೊಳ್ಳತಕ್ಕದ್ದೆಂದು ನಿರ್ಣಯ ಬರೆದೆವು.

ಮನೆಯೊಳಗಿನ ಮೌನವನ್ನು ಒಡೆಯಲು ಮೂರನೆಯವರು ಬೇಕೆನ್ನುವ ಕುಟುಂಬಗಳಿಗೆ, ಕಿರಿಯರ ಕೈಗೆ ನಿಜವಾದ ಹೊಣೆ ಕೊಡಲು ಧೈರ್ಯ ಸಾಲದವರಿಗೆ ಈ ಸೇವೆ ಉಪಯುಕ್ತ. ದತ್ತಿಯ ಕೆಲಸ ಒಬ್ಬರ ನೆನಪಿನಲ್ಲೇ ನಡೆದುಕೊಂಡು ಬಂದಿದ್ದರೆ, ಆ ನೆನಪನ್ನು ಬರಹಕ್ಕೆ ಇಳಿಸುವ ಕೆಲಸವನ್ನು ಇವರಿಗೆ ಬಿಡದೆ, ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಮನೆಯವರೇ ಹಿರಿಯರ ಪಕ್ಕದಲ್ಲಿ ಕುಳಿತು ಮುಗಿಸಿಕೊಳ್ಳುವುದು ಮೇಲು. ನಾನು ಈಗ ಅದನ್ನೇ ಮಾಡುತ್ತಿದ್ದೇನೆ; ಗುರುವಾರ ಮಧ್ಯಾಹ್ನಗಳಲ್ಲಿ ಅತ್ತೆ ಸೀಸದಕಡ್ಡಿಯ ಸಾಲುಗಳನ್ನು ಓದಿ ಹೇಳುತ್ತಾರೆ, ವ್ಯವಸ್ಥಾಪಕರು ಅವರ ತಪ್ಪುಗಳನ್ನು ತಿದ್ದುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಎರಡನೆಯ ಪುಸ್ತಕದ ನಡುವಿನಲ್ಲಿದ್ದೇವೆ.

ಸೇವೆಯನ್ನು ವಾರ್ಷಿಕವಾಗಿ ನವೀಕರಿಸಿಕೊಳ್ಳಿ ಎಂಬ ಪತ್ರ ಕಳೆದ ತಿಂಗಳು ಬಂತು. ಪೂರ್ತಿ ಸೇವೆ ಬೇಡವೆಂದು ಬರೆದು, ಕಿರಿಯರ ನಿಧಿಯ ವಾರ್ಷಿಕ ಸಭೆಗೆ ಮಾತ್ರ ಅದೇ ಸಲಹೆಗಾರ್ತಿ ಒಂದು ದಿನ ಬರಬಹುದೇ, ಬಂದಾಗ ನಮ್ಮ ವ್ಯವಸ್ಥಾಪಕರೂ ಮೇಜಿನ ಸುತ್ತ ಕುಳಿತಿರುತ್ತಾರೆ ಎಂದು ತಿಳಿಸಿದೆ. ಒಪ್ಪಿದ್ದಾರೆ; ಎಂಟನೆಯವರೊಬ್ಬರು ಸೇರುವುದರಿಂದ ಶುಲ್ಕ ಸ್ವಲ್ಪ ಹೆಚ್ಚಾಗುತ್ತದೆಂದು ಕೆಳಗೆ ಸೇರಿಸಿದ್ದಾರೆ.